ಟ್ಯಾಪೆಟ್ ಸೌಂಡ್ ಇಲ್ಲ ಅಂದ್ರೆ ಎಂಜಿನ್ ಸರಿಯಿದೆ ಅಂತಲ್ಲ

ಎಂಜಿನ್ನಿಂದ ಟಕ್ ಟಕ್ ಅಂತ ಟ್ಯಾಪೆಟ್ ಸೌಂಡ್ ಬಂದರೆ ಎಲ್ಲರೂ ಗಾಬರಿಯಾಗುತ್ತಾರೆ. ಸದ್ದೇ ಮಾಡದ ಎಂಜಿನ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನನ್ನನ್ನು ಕೇಳಿದರೆ, ಜಾಸ್ತಿ ಹೆದರಬೇಕಾದದ್ದು ಎರಡನೆಯದಕ್ಕೇ.

ಎಂಜಿನ್ನಿನೊಳಗೆ ಗಾಳಿ-ಇಂಧನ ಬಿಟ್ಟು, ಹೊಗೆ ಹೊರಬಿಡುವ ಬಾಗಿಲೇ ವಾಲ್ವ್. ಅದು ಕಾದಾಗ ಉದ್ದವಾಗುತ್ತದೆ. ಅದಕ್ಕೆ ಜಾಗ ಬೇಕಲ್ವಾ? ಹಾಗಾಗಿ ವಾಲ್ವನ್ನು ಒತ್ತಿ ತೆರೆಯುವ ತೋಳಾದ ರಾಕರ್‌ಗೂ ವಾಲ್ವ್ ತುದಿಗೂ ನಡುವೆ ಸಣ್ಣ ಗ್ಯಾಪ್ ಬಿಡುತ್ತಾರೆ. ಬಹಳಷ್ಟು ಎಂಜಿನ್‌ಗಳಲ್ಲಿ ಅದು 0.1ರಿಂದ 0.3 ಮಿ.ಮೀ. ರಾಕರ್ ತುದಿ, ತಿರುಗುತ್ತಾ ಅದನ್ನು ತಳ್ಳುವ ಕ್ಯಾಮ್ ಸವೆದಂತೆ ಈ ಗ್ಯಾಪ್ ದೊಡ್ಡದಾಗಿ ಸದ್ದು ಶುರುವಾಗುತ್ತದೆ. ಕ್ಯಾಮ್ ತಿರುಗುವುದು ಎಂಜಿನ್ನಿನ ಅರ್ಧ ವೇಗದಲ್ಲಿ. ಎಂಜಿನ್ ನಿಮಿಷಕ್ಕೆ 800 ಸುತ್ತು (ಆರ್‌ಪಿಎಂ) ತಿರುಗುತ್ತಿದ್ದರೆ ಒಂದು ವಾಲ್ವ್ ಸೆಕೆಂಡಿಗೆ ಆರೇಳು ಸಲ ಟಕ್ ಎನ್ನುತ್ತದೆ.

ಇಲ್ಲೊಂದು ಮೋಸವಿದೆ. ಹಳೇ ರಾಕರ್ ತುದಿಯಲ್ಲಿ ವಾಲ್ವ್ ತಾಗಿ ತಾಗಿ ಕುಳಿ ಬಿದ್ದಿರುತ್ತದೆ. ಗ್ಯಾಪ್ ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ಆ ಕುಳಿಯೊಳಗೆ ಇಳಿಯದೆ ಮೇಲೇ ಹಾದುಹೋಗುತ್ತದೆ. ಅಳತೆ ಸರಿ, ಸದ್ದು ಮಾತ್ರ ಹಾಗೇ. ಆಗ ರಾಕರ್ ಬಿಚ್ಚಿ ನೋಡಲೇಬೇಕು.

ಸದ್ದು ಅಡಗಿಸುವ ಪ್ರಯತ್ನ ಹಳೆಯದು. 1930ರ ಕ್ಯಾಡಿಲಾಕ್ ವಿ-16 ಎಂಜಿನ್‌ನಲ್ಲೇ ಆಯಿಲ್ ಒತ್ತಡದಿಂದ ಗ್ಯಾಪ್ ತುಂಬುವ ಹೈಡ್ರಾಲಿಕ್ ವ್ಯವಸ್ಥೆ ಇತ್ತು. ಇಂಥ ಎಂಜಿನ್ ಸ್ಟಾರ್ಟ್ ಮಾಡಿದಾಗ ಕೆಲವು ಸೆಕೆಂಡ್ ಸದ್ದು ಮಾಡಿ ಸುಮ್ಮನಾದರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಮೊದಲು ಆಯಿಲ್ ನೋಡಿ.

ಗ್ಯಾಪ್ ದೊಡ್ಡದಾದರೆ ಸದ್ದು ಬರುತ್ತದೆ, ಕಡಿಮೆಯಾದರೆ ಸದ್ದೇ ಇರುವುದಿಲ್ಲ. ಈ ಕಡಿಮೆಯಾಗುವ ಕಥೆ ಪೆಟ್ರೋಲಿಗೆ ಅಂಟಿಕೊಂಡಿದೆ. ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವುದು) ನಿಲ್ಲುತ್ತದೆಂದು 1921ರಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಕಂಡುಕೊಂಡರು. ಉರಿದ ಸೀಸ ವಾಲ್ವ್ ಮುಚ್ಚಿದಾಗ ಕೂರುವ ಸೀಟಿನ ಮೇಲೆ ತೆಳು ಪದರವಾಗಿ ಕೂತು ಸವೆತವನ್ನೂ ತಡೆಯುತ್ತಿತ್ತು. ಆದರೆ ಸೀಸ ವಿಷ, ಮಕ್ಕಳ ಮಿದುಳನ್ನೇ ಕೆಡಿಸುವಂಥದ್ದು. ಅದನ್ನು ತೆಗೆಯಲೇಬೇಕಿತ್ತು. ಕೊನೆಯದಾಗಿ 2021ರಲ್ಲಿ ಅಲ್ಜೀರಿಯಾ ಕೂಡ ಸೀಸದ ಪೆಟ್ರೋಲ್ ಮಾರುವುದನ್ನು ನಿಲ್ಲಿಸಿತು.

ಸೀಸ ಹೋದ ಮೇಲೆ ಹಳೇ ಎಂಜಿನ್‌ಗಳ ಮೆತ್ತನೆಯ ಸೀಟುಗಳು ಸವೆಯತೊಡಗಿದವು. ಸೀಟು ಸವೆದಷ್ಟೂ ವಾಲ್ವ್ ಒಳಕ್ಕೆ ಕೂರುತ್ತದೆ, ಅದರ ತುದಿ ರಾಕರ್ ಕಡೆ ಏರುತ್ತದೆ, ಗ್ಯಾಪ್ ಸದ್ದಿಲ್ಲದೆ ಮುಚ್ಚುತ್ತದೆ. ಆಮೇಲೆ ಗಟ್ಟಿ ಸೀಟುಗಳು ಬಂದವು ನಿಜ. ಆದರೂ ಗ್ಯಾಸ್‌ನಲ್ಲಿ ಓಡುವ ಎಂಜಿನ್‌ಗಳಿಗೆ ಈ ತೊಂದರೆ ಇವತ್ತಿಗೂ ಇದೆ.

ಗ್ಯಾಪ್ ಪೂರ್ತಿ ಹೋದರೆ ವಾಲ್ವ್ ಸೀಟಿಗೆ ಸರಿಯಾಗಿ ಕೂರುವುದಿಲ್ಲ. ತನ್ನ ಬಿಸಿಯನ್ನು ಸೀಟಿಗೆ ದಾಟಿಸಲಾಗದೆ ಅದರ ಅಂಚು ಸುಟ್ಟುಹೋಗುತ್ತದೆ. ಬಿಸಿಯಾದ ಮೇಲೆ ಐಡ್ಲಿಂಗ್ ತಪ್ಪುವುದು, ಒಂದು ಸಿಲಿಂಡರಿನಲ್ಲಿ ಮಾತ್ರ ಕಂಪ್ರೆಷನ್ ಕಡಿಮೆಯಿರುವುದು ಇದರ ಲಕ್ಷಣ. ಅಷ್ಟು ಹೊತ್ತಿಗೆ ಟ್ಯಾಪೆಟ್ ಸೆಟ್ ಮಾಡಿ, ಅಂದರೆ ಗ್ಯಾಪ್ ಸರಿಪಡಿಸಿ ಪ್ರಯೋಜನವಿಲ್ಲ, ವಾಲ್ವ್ ಇರುವ ಎಂಜಿನ್ನಿನ ಮೇಲ್ಭಾಗವನ್ನೇ (ಹೆಡ್) ಇಳಿಸಬೇಕು. ಅದಕ್ಕೇ ಸದ್ದಿಗೆ ಕಾಯದೆ, ಮ್ಯಾನುಯಲ್ ಹೇಳಿದಷ್ಟು ಕಿಲೋಮೀಟರಿಗೆ ತಣ್ಣಗಿನ ಎಂಜಿನ್‌ನಲ್ಲಿ ಫೀಲರ್ ಗೇಜ್ ಹಾಕಿ ನೋಡಿ.