ಗೋಡೆಗೆ ರೇನ್‌ಕೋಟ್ ತೊಡಿಸಿದರೆ

ನಮ್ಮಜ್ಜಿ ಮನೆಯ ಗೋಡೆಯಲ್ಲಿ ತೇವದ ಗೆರೆ ಮೊದಲು ಮೊಣಕಾಲಿನ ಎತ್ತರಕ್ಕಿತ್ತು. ನೋಡಿ ನೋಡಿ ಬೇಸತ್ತ ಮಾವ ಒಂದು ಬೇಸಿಗೆಯಲ್ಲಿ ಹಳೆಯ ಸುಣ್ಣದ ಗಾರೆಯನ್ನೆಲ್ಲ ಕೆತ್ತಿಸಿ, ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು. "ಇನ್ನು ಮೂರು ತಲೆಮಾರು ಈ ಕಡೆ ನೋಡೋ ಹಾಗಿಲ್ಲ" ಅಂದರು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಗೆರೆ ಎದೆಮಟ್ಟಕ್ಕೆ ಏರಿತ್ತು. ಗೋಡೆ ಬಡಿದರೆ ಟೊಳ್ಳು ಸದ್ದು. ಮಾವ ಬೈದದ್ದು ಸಿಮೆಂಟ್ ಅಂಗಡಿಯವನನ್ನು. ಪಾಪ, ಅವನು ಕೊಟ್ಟ ಸಿಮೆಂಟ್ ಚೆನ್ನಾಗಿಯೇ ಇತ್ತು. ತೊಂದರೆ ಆಗಿದ್ದೂ ಅದಕ್ಕೇ.

ಹಳೇ ಗುಡಿ, ಮಠ, ತೊಟ್ಟಿಮನೆಗಳಲ್ಲಿ ಜೀರ್ಣೋದ್ಧಾರ ಅಂತ ನಡೆಯುವುದೂ ಎಷ್ಟೋ ಸಲ ಇದೇ. ನಿಧಿ ಇದೆ ಅಂತ ರಾತ್ರೋರಾತ್ರಿ ಗರ್ಭಗುಡಿ ಅಗೆಯುವವರ ಮೇಲೆ ನಮಗೆಲ್ಲ ಸಿಟ್ಟು ಬರುತ್ತದೆ, ಬರಬೇಕು. ಆದರೆ ಭಕ್ತಿಯಿಂದ, ಚಂದಾ ಎತ್ತಿ, ಹಗಲಲ್ಲೇ ಸಿಮೆಂಟ್ ಮೆತ್ತುವವರಿಗೆ ನಾವು ಹಾರ ಹಾಕುತ್ತೇವೆ.

ಹಳೆಯ ಗೋಡೆ ಒಂದು ದೀಪದ ಬತ್ತಿ. ಎಣ್ಣೆ ಬತ್ತಿಯಲ್ಲಿ ಏರುವ ಹಾಗೆ ನೆಲದ ನೀರು ಮಣ್ಣಿನ, ಇಟ್ಟಿಗೆಯ, ಗಾರೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಮೇಲೇರುತ್ತದೆ. ಹಾಗಾದರೆ ಚಾವಣಿವರೆಗೂ ಯಾಕೆ ಹೋಗುವುದಿಲ್ಲ? ಏರುತ್ತ ಏರುತ್ತಲೇ ಆರುತ್ತದೆ ಕೂಡ. ಏರುವ ನೀರಿನ ಲೆಕ್ಕ, ಆರುವ ನೀರಿನ ಲೆಕ್ಕ ಎಲ್ಲಿ ಸಮ ಆಗುತ್ತದೋ ಅಲ್ಲಿ ಗೆರೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಮಡಕೆ ಹೊರಗಡೆ ಬೆವರುತ್ತದಲ್ಲ, ಸುಣ್ಣದ ಗಾರೆಯ ಗೋಡೆಯೂ ಹಾಗೇ. ಅದರ ಮೇಲೆ ಸಿಮೆಂಟ್ ಹಾಕಿದರೆ ಧಗೆಯ ದಿನ ರೇನ್‌ಕೋಟ್ ತೊಟ್ಟು ಓಡಿದ ಹಾಗೆ. ಆರುವ ದಾರಿ ಮುಚ್ಚಿತು, ಏರುವ ದಾರಿ ಹಾಗೇ ಇದೆ. ನೀರು ಇನ್ನಷ್ಟು ಮೇಲೆ ಹೋಗಿ ದಾರಿ ಹುಡುಕುತ್ತದೆ. ಮಾವನ ಗೆರೆ ಎದೆಗೆ ಏರಿದ್ದು ಹೀಗೆ.

ಬರೀ ನೀರಾಗಿದ್ದರೆ ಪರವಾಗಿರಲಿಲ್ಲ. ನೆಲದ ನೀರಿನ ಜೊತೆ ಉಪ್ಪುಗಳೂ ಬರುತ್ತವೆ. ನೀರು ಗೋಡೆಯ ಮೈಮೇಲೆ ಆರಿದರೆ ಉಪ್ಪು ಹೊರಗೆ ಬಿಳಿ ಹೂವಿನ ಹಾಗೆ ಕೂರುತ್ತದೆ. ಪೊರಕೆಯಿಂದ ಗುಡಿಸಿದರೆ ಆಯಿತು. ಪ್ಲಾಸ್ಟರಿನ ಹಿಂದೆ, ರಂಧ್ರದೊಳಗೇ ಆರಿದರೆ? ಹರಳು ಅಲ್ಲೇ ಕಟ್ಟುತ್ತದೆ. ಹರಳು ಬೆಳೆಯಲು ಜಾಗ ಬೇಕು. ಜಾಗ ಇಲ್ಲದಿದ್ದರೆ ಪಕ್ಕದವರನ್ನು ತಳ್ಳುತ್ತದೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಖಳನಾಯಕ ಇದ್ದಾನೆ: ಸೋಡಿಯಂ ಸಲ್ಫೇಟ್. ಒಣಗಿದಾಗ ಸಣ್ಣಗೆ, ಸೌಮ್ಯವಾಗಿ ಇರುತ್ತಾನೆ. ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದ ಹೊತ್ತಲ್ಲಿ ತೇವ ಸಿಕ್ಕಿತೋ, ಒಂದೊಂದು ಅಣುವಿನ ಪಾಲಿಗೆ ಹತ್ತು ನೀರಿನ ಅಣು ಸೇರಿಸಿಕೊಂಡು ಹರಳಾಗಿ, ಮೂರು ಪಟ್ಟಿಗಿಂತ ಜಾಸ್ತಿ ಜಾಗ ಹಿಡಿಯುತ್ತಾನೆ. ಡಬ್ಬಿ ತುಂಬ ಒಣ ಕಡಲೆ ತುಂಬಿ, ನೀರು ಹಾಕಿ, ಮುಚ್ಚಳ ಬಿಗಿದಿಟ್ಟು ನೋಡಿ. ಬೆಳಿಗ್ಗೆ ಮುಚ್ಚಳ ಏನಾಗಿರುತ್ತದೆ? ಗೋಡೆಯೊಳಗೆ ಲಕ್ಷಾಂತರ ಇಂಥ ಡಬ್ಬಿಗಳಿವೆ. ಕಡಲೆ ಒಂದು ಸಲ ನೆನೆದರೆ ಮುಗಿಯಿತು. ಈ ಉಪ್ಪು ಒಣಗುತ್ತದೆ, ನೆನೆಯುತ್ತದೆ, ಮತ್ತೆ ಒಣಗುತ್ತದೆ. ಗೋಡೆ ಬಿರುಕಲ್ಲಿ ಬೇರು ಬಿಟ್ಟ ಅರಳಿ ಸಸಿ ಕಲ್ಲನ್ನು ಸೀಳುವುದನ್ನು ನೋಡಿದ್ದೀರಲ್ಲ, ಅದೇ ಕೆಲಸ. ಅರಳಿ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಸಾಲದ್ದಕ್ಕೆ ಸಿಮೆಂಟ್ ತಾನೂ ಒಂದಿಷ್ಟು ಸಲ್ಫೇಟ್ ಉಪ್ಪು ಹೊತ್ತು ತರುತ್ತದೆ. ಕಳ್ಳನನ್ನು ಹಿಡಿಯಲು ಬಂದವನೇ ಜೇಬಲ್ಲಿ ಇನ್ನೊಬ್ಬ ಕಳ್ಳನನ್ನು ಇಟ್ಟುಕೊಂಡು ಬಂದ ಹಾಗೆ.

"ಗಟ್ಟಿ ಸಾಮಾನು ಹಾಕಿದರೆ ಗಟ್ಟಿಯಾಗುತ್ತದೆ" ಅನ್ನುವ ಈ ನಂಬಿಕೆ ನಮ್ಮ ಮಾವನದಷ್ಟೇ ಅಲ್ಲ. ಅಥೆನ್ಸಿನ ಪಾರ್ಥೆನಾನ್ ಗುಡಿಯ ಅಮೃತಶಿಲೆಯ ಕಲ್ಲುಗಳನ್ನು ಹಳೆಯ ಗ್ರೀಕರು ಕಬ್ಬಿಣದ ಪಟ್ಟಿಗಳಿಂದ ಬೆಸೆದಿದ್ದರು. ಜಾಣತನ ಎಲ್ಲಿತ್ತೆಂದರೆ, ಪಟ್ಟಿಯ ಸುತ್ತ ಸೀಸ ಕರಗಿಸಿ ಹೊಯ್ದಿದ್ದರು. ಸೀಸ ಮೆತ್ತಗಿನ ಲೋಹ. ನೀರನ್ನೂ ತಡೆಯುತ್ತದೆ, ಅಲುಗಾಟವನ್ನೂ ನುಂಗುತ್ತದೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ನಿಕೋಲಾಸ್ ಬಲಾನೋಸ್ ಎಂಬ ಎಂಜಿನಿಯರ್ ಗುಡಿಯ ದುರಸ್ತಿ ಮಾಡಿದರು. ಹೊಸ ಕಬ್ಬಿಣ ಹಾಕಿದರು, ಸೀಸ ಹಾಕಲಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯಿತು. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಕಡಲೆ ಡಬ್ಬಿಯ ಕಥೆಯೇ ಮತ್ತೆ. ಎರಡು ಸಾವಿರ ವರ್ಷ ನಿಂತ ಕಲ್ಲುಗಳು ದುರಸ್ತಿಯಿಂದ ಸೀಳಿದವು. ಆಮೇಲೆ ಬಂದವರು ಆ ಕಬ್ಬಿಣ ಕಿತ್ತು ತುಕ್ಕು ಹಿಡಿಯದ ಟೈಟೇನಿಯಂ ಹಾಕಬೇಕಾಯಿತು.

ಈಗ ಸುಣ್ಣಕ್ಕೆ ಬರೋಣ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿಗೆ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. 100 ಕಿಲೋ ಶುದ್ಧ ಕಲ್ಲಿಗೆ 44 ಕಿಲೋ ಗಾಳಿಗೆ! ಉಳಿದ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಎಲೆ ಅಡಿಕೆಗೆ ಹಚ್ಚಿಕೊಳ್ಳುವುದು ಇದನ್ನೇ. ಮರಳು ಸೇರಿಸಿ ಗೋಡೆಗೆ ಹಚ್ಚಿದರೆ ಅದು ನಿಧಾನವಾಗಿ, ತಿಂಗಳುಗಟ್ಟಲೆ, ಗಾಳಿಯಿಂದ ಅದೇ ಅನಿಲವನ್ನು ವಾಪಸ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಉಸಿರು ಊದಿ ಹಾಲಿನ ಹಾಗೆ ಮಾಡಿದ್ದೆವಲ್ಲ, ಗೋಡೆಯ ಮೇಲೆ ಆಗುವುದೂ ಅದೇ. ಸಣ್ಣ ಬಿರುಕು ಬಿಟ್ಟರೆ ಮಳೆನೀರಲ್ಲಿ ಒಂಚೂರು ಸುಣ್ಣ ಕರಗಿ ಬಿರುಕಲ್ಲಿ ಮತ್ತೆ ಕೂರುತ್ತದೆ. ಇಟ್ಟಿಗೆಪುಡಿ ಸೇರಿಸಿದರೆ ಅದು ಸುರ್ಕಿ ಗಾರೆ, ನೀರಲ್ಲೂ ಗಟ್ಟಿಯಾಗುತ್ತದೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಎದ್ದಿದ್ದು ಸುರ್ಕಿಯಲ್ಲಿ. ವಿಜಯಪುರದ ಗೋಳಗುಮ್ಮಟ ನೋಡಿ. ಒಳಗಡೆ ಸುಮಾರು 38 ಮೀಟರ್ ಅಗಲದ ಗುಮ್ಮಟ, ಮಧ್ಯೆ ಒಂದು ಕಂಬವೂ ಇಲ್ಲ. ಬರೀ ಇಟ್ಟಿಗೆ ಮತ್ತು ದಪ್ಪನೆಯ ಸುಣ್ಣದ ಗಾರೆ. ಅದು ಮುಗಿದದ್ದು 1656ರಲ್ಲಿ. ಇವತ್ತಿನ ಸಿಮೆಂಟಿನ ಮೂಲವಾದ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ.

ಇಷ್ಟು ಹೇಳಿದರೆ ಸಾಕು, ಯಾರಾದರೂ ವಾಟ್ಸಾಪ್ ತೆಗೆಯುತ್ತಾರೆ. "ಬೆಲ್ಲ, ಅಳಲೆಕಾಯಿ, ಮೊಟ್ಟೆ ಹಾಕಿ ಕಟ್ಟಿದ್ದರು, ಆ ರಹಸ್ಯ ಇವತ್ತಿನ ವಿಜ್ಞಾನಕ್ಕೂ ಗೊತ್ತಿಲ್ಲ." ಗೊತ್ತಿದೆ ಸ್ವಾಮಿ. ಸಕ್ಕರೆ ಅಂಶ ಇದ್ದರೆ ಸುಣ್ಣ ನೀರಲ್ಲಿ ಜಾಸ್ತಿ ಕರಗುತ್ತದೆ, ಗಾರೆ ನುಣ್ಣಗೆ ಕೈಗೆ ಬರುತ್ತದೆ. ಮೊಟ್ಟೆಯ ಪ್ರೋಟೀನು ಸುಣ್ಣಕ್ಕೆ ಅಂಟಿನ ಕೆಲಸ ಮಾಡುತ್ತದೆ. ಮಂತ್ರ ಏನೂ ಇಲ್ಲ. ಬೆಲ್ಲ ಹಾಕಿದರೆ ಒಳ್ಳೆಯದೇ ಅಂತ ಸಿಮೆಂಟಿಗೂ ಸುರಿದೀರಾ ಮತ್ತೆ! ಅದು ಸರಿಯಾಗಿ ಸೆಟ್ಟೇ ಆಗುವುದಿಲ್ಲ.

ಹಾಗಂತ ಹಳೆಯದೆಲ್ಲದಕ್ಕೂ ಸುಣ್ಣ ಮೆತ್ತಬೇಕಿಲ್ಲ. ಬೇಲೂರು, ಹಳೇಬೀಡಿನ ಬಳಪದ ಕಲ್ಲುಗಳನ್ನು ಗಾರೆಯೇ ಇಲ್ಲದೆ ಒಂದಕ್ಕೊಂದು ಕೂರಿಸಿದ್ದಾರೆ. ಅಲ್ಲಿನ ಸಂದಿಗೆ ಏನು ತುರುಕಿದರೂ ತಪ್ಪೇ. ಮೊದಲು ಕಟ್ಟಡ ಹೇಗೆ ನಿಂತಿದೆ ಅಂತ ತಿಳಿಯಬೇಕು. ಸ್ಮಾರಕಗಳ ರಕ್ಷಣೆಯ ಬಗ್ಗೆ 1964ರಲ್ಲಿ ಆದ ವೆನಿಸ್ ಒಡಂಬಡಿಕೆಯಲ್ಲಿ ನನಗೆ ಹಿಡಿಸಿದ ಮಾತೊಂದಿದೆ: ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ದುರಸ್ತಿ ನಿಲ್ಲಬೇಕು. ನಮ್ಮಲ್ಲಿ ಊಹೆಯಿಂದಲೇ ಶುರುವಾಗುತ್ತದೆ.

ಮಾವ ಕೊನೆಗೂ ಸಿಮೆಂಟ್ ಕೀಳಿಸಿದರು. ಅದು ರೊಟ್ಟಿಯ ಹಾಗೆ ದೊಡ್ಡ ದೊಡ್ಡ ಹಪ್ಪಳಿಕೆಯಾಗಿ ಬಂತು. ಹಿಂದಿನ ಇಟ್ಟಿಗೆ ಕೈಗೆ ಪುಡಿಯಾಗಿ ಸಿಕ್ಕಿತು. ಸುಣ್ಣದ ಕೆಲಸ ಬಲ್ಲ ಒಬ್ಬ ವಯಸ್ಸಾದ ಮೇಸ್ತ್ರಿಯನ್ನು ಹುಡುಕಿ ತಂದೆವು. ಅವರು ಗುಂಡಿ ತೋಡಿ, ಸುಣ್ಣ ನೆನೆಹಾಕಿ, ಮೂರು ವಾರ ಈ ಕಡೆ ತಲೆ ಹಾಕಲಿಲ್ಲ. ಮಾವ ದಿನಾ ಹೋಗಿ ಗುಂಡಿ ಇಣುಕುತ್ತಿದ್ದರು. ಮೂರು ವರ್ಷ ಹಳತಾಗದ ಸುಣ್ಣ ಬಳಸಬಾರದು ಅಂತ ರೋಮಿನಲ್ಲಿ ಹಿಂದೆ ಕಾನೂನೇ ಇತ್ತು ಅಂತ ಪ್ರಾಚೀನ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅದನ್ನು ಮಾವನಿಗೆ ನಾನು ಹೇಳಲಿಲ್ಲ.

ಈಗ ಗೆರೆ ಮತ್ತೆ ಮೊಣಕಾಲಿಗೆ ಇಳಿದಿದೆ. ಪೂರ್ತಿ ಹೋಗಿಲ್ಲ, ನೆಲದಲ್ಲಿ ನೀರು ಇದ್ದೇ ಇದೆಯಲ್ಲ. ಕೆಳಗಿನ ಎರಡಡಿ ಗಾರೆ ಅಲ್ಲಲ್ಲಿ ಉದುರುತ್ತಿದೆ. ಮೊನ್ನೆ ಮಾವ ಅದನ್ನು ತೋರಿಸಿ, "ಏನು ಮೇಸ್ತ್ರಿ, ನಿಮ್ಮ ಗಾರೆಯೂ ಉದುರ್ತಾ ಇದೆ?" ಅಂದರು.

"ಗಾರೆ ತಾನೇ ಯಜಮಾನ್ರೇ ಉದುರಿದ್ದು? ಇಟ್ಟಿಗೆ ಅಲ್ವಲ್ಲ" ಅಂದು ಮೇಸ್ತ್ರಿ ಬಗ್ಗಿ, ಬೆರಳಿಂದ ಉಪ್ಪು ಒರೆಸಿ ನೋಡಿದರು. "ಬರೋ ವರ್ಷ ಇಷ್ಟು ಮಾತ್ರ ಮತ್ತೆ ಹಚ್ಚಿಕೊಡ್ತೀನಿ."