ಗ್ರಾಫಿಕ್ಸ್ ಪ್ಲಗಿನ್ ಬರೆಯೋಕೆ ಯಾವ ಪದಗಳು ಗೊತ್ತಿದ್ದರೆ ಸಾಕು?

ಪ್ರಶ್ನೆ: ಸರ್, ಬಳ್ಳಾರಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್ ಆಗಿದ್ದೇನೆ. ಕೋರೆಲ್, ಫೋಟೋಶಾಪ್ ಚೆನ್ನಾಗಿ ಬರುತ್ತೆ, ಈಚೆಗೆ ಇಂಕ್‌ಸ್ಕೇಪ್ ಕೂಡ ಬಳಸ್ತಿದ್ದೀನಿ. ಪ್ರತಿ ಬ್ಯಾನರಿಗೂ ಐಲೆಟ್ ರಿಂಗ್ (ಹಗ್ಗ ಕಟ್ಟೋಕೆ ಹಾಕುವ ಬಳೆ) ಹೊಡೆಯುವ ಜಾಗಕ್ಕೆ ಗುರುತು ಹಾಕಿ ಹಾಕಿ ಸಾಕಾಗಿದೆ. ಅದಕ್ಕೊಂದು ಪ್ಲಗಿನ್ ಬರೆಯೋಣ ಅಂತ ಕೂತರೆ ವೇರಿಯಬಲ್, ಕ್ಲಾಸ್, ಎಪಿಐ ಅಂತ ಶುರುವಾಗುತ್ತೆ. ನಾನು ಓದಿದ್ದು ಬಿ.ಕಾಂ. ಇದರಲ್ಲಿ ನಿಜವಾಗಲೂ ಬೇಕಾಗೋದು ಯಾವುದು?

ಉತ್ತರ: ಕೊಪ್ಪಳ, ರಾಯಚೂರಿನ ಡಿಸೈನರ್‌ಗಳೂ ಇದನ್ನೇ ಕೇಳುತ್ತಾರೆ. ಎಂಟು ಹತ್ತು ಪದ ಸಾಕು. ಆದರೆ ಅವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಬೇಡಿ. ಸಾಫ್ಟ್‌ವೇರ್ ನಿಮ್ಮ ಕೋಡಿನ ಕೈಗೆ ಏನು ಕೊಡುತ್ತದೆ, ನಿಮ್ಮಿಂದ ಏನು ವಾಪಸ್ ಕೇಳುತ್ತದೆ ಅನ್ನೋದನ್ನು ಮೊದಲು ಹಿಡಿಯಿರಿ. ಉಳಿದ ಪದಗಳೆಲ್ಲ ಅದರ ಸುತ್ತಲೇ ಇವೆ.

ಹೆಸರುಗಳ ಗೊಂದಲ ಮೊದಲು ಮುಗಿಸೋಣ. ಫೋಟೋಶಾಪಿನ ಆ್ಯಕ್ಷನ್‌ಗೆ ಕೋಡೇ ಬೇಡ. ನೀವು ಮಾಡಿದ ಕೆಲಸವನ್ನು ಅದು ರೆಕಾರ್ಡ್ ಮಾಡಿಕೊಂಡು ಮತ್ತೆ ಮಾಡುತ್ತೆ, ಅಷ್ಟೇ. ಕೋರೆಲ್‌ನಲ್ಲಿ ಮ್ಯಾಕ್ರೋ ಅಂತಾರೆ, ಅದನ್ನು ವಿಬಿಎ ಭಾಷೆಯಲ್ಲಿ ಬರೆಯೋದು. ಇಂಕ್‌ಸ್ಕೇಪ್‌ನಲ್ಲಿ ಎಕ್ಸ್‌ಟೆನ್ಶನ್, ಗಿಂಪ್ ಅನ್ನೋ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ಲಗಿನ್. ಮೂಲ ಸಾಫ್ಟ್‌ವೇರಿಗೆ ಹೊರಗಿನಿಂದ ಸೇರಿಸುವ ಕೆಲಸಗಾರ ಕೋಡ್ ಅಂದುಕೊಂಡರೆ ಸದ್ಯಕ್ಕೆ ಸಾಕು. ಹಾಂ, ಆ್ಯಕ್ಷನ್‌ನಲ್ಲೇ ಮುಗಿಯುವ ಕೆಲಸಕ್ಕೆ ಪ್ಲಗಿನ್ ಬರೆಯಲು ಹೋಗಬೇಡಿ. ಸುಮ್ನೆ ಟೈಮ್ ವೇಸ್ಟ್. ನಿಮ್ಮ ಐಲೆಟ್ ಕೆಲಸ ಹಾಗಲ್ಲ. ಬ್ಯಾನರ್ ಅಳತೆ ಪ್ರತಿ ಸಲ ಬದಲಾಗುತ್ತೆ, ಲೆಕ್ಕ ಹಾಕಲೇಬೇಕು. ಅಲ್ಲಿ ಕೋಡ್ ಬೇಕು.

ನಾನು ಇಂಕ್‌ಸ್ಕೇಪ್ ಇಟ್ಟುಕೊಂಡೇ ಹೇಳುತ್ತೇನೆ. ಅದು ಉಚಿತ, ಕೋಡ್ ಬರೆಯುವ ಪೈಥಾನ್ ಭಾಷೆ ಕೂಡ ಅದರ ಜೊತೆಗೇ ಬರುತ್ತೆ, ಕಲಿಯೋದಕ್ಕೆ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ. ಒಂದು ಎಕ್ಸ್‌ಟೆನ್ಶನ್ ಅಂದರೆ ಸಾಮಾನ್ಯವಾಗಿ ಎರಡು ಫೈಲ್. ಒಂದರ ಕೊನೆಗೆ ಐಎನ್‌ಎಕ್ಸ್ ಅಂತ ಇರುತ್ತೆ, ಇನ್ನೊಂದರ ಕೊನೆಗೆ ಪಿವೈ. ಮೆನುವಿನಲ್ಲಿ ಯಾವ ಹೆಸರು ಕಾಣಬೇಕು, ತೆರೆಯುವ ವಿಂಡೋದಲ್ಲಿ ಯಾವ ಯಾವ ಖಾನೆ ಇರಬೇಕು ಅನ್ನೋದು ಮೊದಲನೆಯದರಲ್ಲಿ. ಕೆಲಸ ಮಾಡುವ ಪೈಥಾನ್ ಕೋಡ್ ಎರಡನೆಯದರಲ್ಲಿ. ಪ್ರಿಫರೆನ್ಸಸ್ ಒಳಗೆ ಸಿಸ್ಟಮ್ ಭಾಗಕ್ಕೆ ಹೋದರೆ ಯೂಸರ್ ಎಕ್ಸ್‌ಟೆನ್ಶನ್ಸ್ ಫೋಲ್ಡರ್ ಎಲ್ಲಿದೆ ಅಂತ ಕಾಣುತ್ತೆ. ಎರಡೂ ಫೈಲ್ ಅಲ್ಲಿ ಹಾಕಿ ಇಂಕ್‌ಸ್ಕೇಪ್ ಮುಚ್ಚಿ ತೆರೆದರೆ ಮೆನುವಿನಲ್ಲಿ ನಿಮ್ಮ ಎಕ್ಸ್‌ಟೆನ್ಶನ್ ಹೆಸರು ಬರುತ್ತೆ.

ವಿಂಡೋದ ಖಾನೆಯಲ್ಲಿ ಗಿರಾಕಿಯ ಆರ್ಡರ್ ಚೀಟಿಯ ಹಾಗೆ ನೀವು ತುಂಬುವ ಸಂಖ್ಯೆಗಳಿಗೆ ಪ್ಯಾರಾಮೀಟರ್ ಅಂತ ಹೆಸರು. ರಿಂಗ್‌ಗಳ ನಡುವೆ ಎಷ್ಟು ಅಂತರ, ಗುರುತು ಎಷ್ಟು ದೊಡ್ಡದು, ಇಂಥವು. ಐಎನ್‌ಎಕ್ಸ್‌ನಲ್ಲಿ ಪ್ಯಾರಾಮೀಟರಿಗೆ ಏನು ಹೆಸರು ಕೊಟ್ಟಿರುತ್ತೀರೋ ಪಿವೈಯಲ್ಲೂ ಅದೇ ಹೆಸರು ಇರಬೇಕು. ಒಂದು ಅಕ್ಷರ ಆಚೀಚೆ ಆದರೂ ಕೆಲಸ ಮಾಡಲ್ಲ. ಕೋಡಿನ ಒಳಗೆ ಆ ಸಂಖ್ಯೆಯನ್ನು ಒಂದು ಹೆಸರಿಟ್ಟು ಇಟ್ಟುಕೊಂಡರೆ ಅದೇ ವೇರಿಯಬಲ್. ಬಳ್ಳಾರಿ ಜೀನ್ಸ್‌ನ ಲೇಬಲ್ ಡಿಸೈನ್ ಮಾಡಿದ್ದೀರಲ್ವಾ? ಲೇಬಲ್ ಒಂದೇ, ಸೈಜ್ ಮಾತ್ರ 28, 30, 32 ಅಂತ ಬದಲಾಗುತ್ತೆ. ಪ್ಲಗಿನ್ ಬರೆದರೆ ಆ ಸೈಜ್ ಒಂದು ವೇರಿಯಬಲ್ ಆಗುತ್ತೆ.

ಫಂಕ್ಷನ್ ಅಂದರೆ ಹೆಸರು ಕೊಟ್ಟ ಒಂದು ತುಂಡು ಕೆಲಸ. ಕರೆದಾಗ ಮಾಡುತ್ತೆ. ಕ್ಲಾಸ್ ಅಂದರೆ ಇಂಥ ಫಂಕ್ಷನ್‌ಗಳನ್ನು ಒಟ್ಟಿಗೆ ಇಟ್ಟ ಒಂದು ಅಚ್ಚು, ಅದರ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಇಂಕ್‌ಸ್ಕೇಪ್ ಜೊತೆ ಬರುವ ಇಂಕೆಕ್ಸ್ ಲೈಬ್ರರಿಯಲ್ಲಿ (ಸಿದ್ಧ ಕೋಡಿನ ಸಂಗ್ರಹದಲ್ಲಿ) ಎಫೆಕ್ಟ್‌ಎಕ್ಸ್‌ಟೆನ್ಶನ್ ಅಂತ ಸಿದ್ಧವಾದ ಕ್ಲಾಸ್ ಇದೆ. ನೀವು ಅದರ ಮೇಲೆ ನಿಮ್ಮದೊಂದು ಕ್ಲಾಸ್ ಕಟ್ಟಿ, ಎಫೆಕ್ಟ್ ಅನ್ನೋ ಫಂಕ್ಷನ್ ಒಳಗೆ ನಿಮ್ಮ ಕೆಲಸ ಬರೆಯಬೇಕು. ಅಪ್ಲೈ ಒತ್ತಿದಾಗ ಅದು ಓಡುತ್ತೆ.

ಈಗ ಕೊಡು, ತಗೋ ವಿಷಯಕ್ಕೆ ಬರೋಣ. ಅಪ್ಲೈ ಒತ್ತಿದ ಕೂಡಲೇ ಇಂಕ್‌ಸ್ಕೇಪ್ ನಿಮ್ಮ ಚಿತ್ರವನ್ನು ಎಸ್‌ವಿಜಿ ಫೈಲಾಗಿ, ಅಂದರೆ ಚಿತ್ರವನ್ನು ಅಕ್ಷರಗಳಲ್ಲೇ ವಿವರಿಸುವ ಫೈಲಾಗಿ ಬರೆದು ಪೈಥಾನ್‌ಗೆ ಕೊಡುತ್ತೆ. ಯಾವುದು ಸೆಲೆಕ್ಟ್ ಆಗಿದೆ ಅಂತಲೂ ಹೇಳುತ್ತೆ. ನಿಮ್ಮ ಕೋಡ್ ಅದನ್ನು ಬದಲಾಯಿಸಿ ಇಡೀ ಚಿತ್ರವನ್ನು ಸ್ಟ್ಯಾಂಡರ್ಡ್ ಔಟ್‌ಪುಟ್ ಅನ್ನೋ ದಾರಿಯಲ್ಲಿ ವಾಪಸ್ ಕಳಿಸಬೇಕು. ಕಳಿಸುವ ಕೆಲಸ ಇಂಕೆಕ್ಸ್ ಮಾಡುತ್ತೆ, ನೀವು ಮಾಡಬೇಕಾಗಿಲ್ಲ. ಆದರೆ ಯಾವ ಪೈಥಾನ್ ಪಾಠ ತೆಗೆದರೂ ಮೊದಲು ಕಲಿಸೋದು ಪ್ರಿಂಟ್, ಅಂದರೆ ‘ಇದನ್ನು ಬರೆದು ತೋರಿಸು’ ಅನ್ನುವ ಆದೇಶ. ಆ ಪ್ರಿಂಟ್ ಬರೆಯೋದೂ ಇದೇ ಔಟ್‌ಪುಟ್‌ಗೆ! ಲೆಕ್ಕ ಎಷ್ಟು ಬಂತು ನೋಡೋಣ ಅಂತ ಒಂದು ಪ್ರಿಂಟ್ ಹಾಕಿದಿರೋ, ಆ ಅಕ್ಷರಗಳು ಎಸ್‌ವಿಜಿ ಜೊತೆ ಬೆರೆತು ಫೈಲ್ ಕೆಡುತ್ತೆ. ಲೆಕ್ಕ ಸರಿ ಇದ್ದರೂ ಚಿತ್ರ ಬರಲ್ಲ. ಯಾಕೆ ಅಂತ ಗೊತ್ತಾಗದೆ ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ. ನಡುವೆ ಏನಾದರೂ ನೋಡಬೇಕಾದರೆ ಪ್ರಿಂಟ್ ಬದಲು ಇಂಕೆಕ್ಸ್‌ನ ಎರರ್‌ಎಂಎಸ್‌ಜಿ (errormsg) ಬಳಸಿ. ಅದು ಬೇರೆ ದಾರಿಯಲ್ಲಿ ಹೋಗಿ ಒಂದು ವಿಂಡೋದಲ್ಲಿ ಕಾಣುತ್ತೆ.

ಚಿತ್ರದ ಒಳಗಿನ ಚೌಕ, ವೃತ್ತ, ಅಕ್ಷರ ಎಲ್ಲವೂ ಆಬ್ಜೆಕ್ಟ್. ಅವನ್ನು ಏನೇನು ಕೇಳಬಹುದು, ಏನೇನು ಮಾಡಿಸಬಹುದು ಅನ್ನುವ ಪೂರ್ತಿ ವ್ಯವಸ್ಥೆಗೆ ಎಪಿಐ ಅನ್ನುತ್ತಾರೆ. ಚೌಕವನ್ನು ‘ನಿನ್ನ ಬೌಂಡಿಂಗ್ ಬಾಕ್ಸ್ ಕೊಡು’ ಅಂದರೆ ಎಡ, ಬಲ, ಮೇಲೆ, ಕೆಳಗೆ ಎಲ್ಲಿಂದ ಎಲ್ಲಿಗಿದೆ ಅಂತ ಹೇಳುತ್ತೆ. ಅಕ್ಷರಗಳನ್ನು ಕೇಳಿದರೆ ಅಳತೆ ನಂಬುವ ಹಾಗೆ ಬರಲ್ಲ, ಮೊದಲು ಪಾತ್ (ಬರೀ ಗೆರೆಗಳ ಆಕಾರ) ಮಾಡಿಕೊಳ್ಳಿ.

ಇನ್ನು ಐಲೆಟ್. ಹತ್ತಡಿ ಅಗಲ, ನಾಲ್ಕಡಿ ಎತ್ತರದ ಬ್ಯಾನರ್ ಅಂತಿಟ್ಟುಕೊಳ್ಳಿ. ಅಡಿಗೆ ಒಂದು ಇಂಚಿನಂತೆ ಡಿಸೈನ್ ಮಾಡಿದ್ದೀರಿ, ಎರಡೆರಡು ಅಡಿಗೆ ಒಂದು ರಿಂಗ್. ಹತ್ತನ್ನು ಎರಡರಿಂದ ಭಾಗಿಸಿದರೆ ಐದು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸೋದಕ್ಕೆ ಲೂಪ್ ಇದೆ, ಐದು ಸಲ ಓಡಿಸಿದಿರಿ. ಬಲಗಡೆ ಮೂಲೆಯಲ್ಲಿ ಗುರುತೇ ಇಲ್ಲ! ಐದು ಅಂತರಕ್ಕೆ ಆರು ರಿಂಗ್ ಬೇಕು, ಪೈಥಾನ್ ಸೊನ್ನೆಯಿಂದ ಎಣಿಸಿ ನಾಲ್ಕಕ್ಕೆ ನಿಲ್ಲಿಸಿದೆ. ಆಯ್ತು, ಆರು ಮಾಡಿದಿರಿ. ಈಗ ಕೆಳಗಿನ ಅಂಚಿಗೂ ಆರು, ಎಡ ಬಲದ ಅಂಚಿಗೆ ಮೂರು ಮೂರು ಸಲ ಅದೇ ಲೂಪ್ ಹಾಕಿದರೆ ನಾಲ್ಕೂ ಮೂಲೆಯಲ್ಲಿ ಒಂದರ ಮೇಲೊಂದು ಎರಡೆರಡು ವೃತ್ತ ಕೂರುತ್ತೆ. ಕಣ್ಣಿಗೆ ಕಾಣಲ್ಲ, ಎಣಿಸಿದರೆ 18. ಬೇಕಿದ್ದದ್ದು 14: ಮೇಲೆ ಆರು, ಕೆಳಗೆ ಆರು, ಪಕ್ಕಗಳ ನಡುವೆ ಒಂದೊಂದು. ರಿಂಗ್ ಲೆಕ್ಕ ಹಿಡಿದು ಬಿಲ್ ಹಾಕುವ ಅಂಗಡಿಯಾದರೆ ಗಿರಾಕಿ ಸುಮ್ನೆ ಬಿಡಲ್ಲ.

ಇಲ್ಲಿ ‘ಎರಡು’ ಅಂತ ಕೋಡಿನಲ್ಲಿ ಬರೆದರೆ ಅದು ಎರಡು ಇಂಚು ಅಂತ ಇಂಕ್‌ಸ್ಕೇಪ್‌ಗೆ ಗೊತ್ತಿಲ್ಲ. ಡಾಕ್ಯುಮೆಂಟಿನ ಒಳಗಿನ ಮಾನದಲ್ಲಿ ಎರಡು ಅಂದುಕೊಳ್ಳುತ್ತೆ. ಅದು ಒಂದು ಫೈಲಿನಲ್ಲಿ ಮಿಲಿಮೀಟರ್ ಆಗಿರಬಹುದು, ಇನ್ನೊಂದರಲ್ಲಿ ಪಿಕ್ಸೆಲ್. ಹಾಗಾಗಿ ಇಂಚನ್ನು ಒಳಮಾನಕ್ಕೆ ಬದಲಾಯಿಸುವ ಯುನಿಟ್‌ಟುಯುಯು (unittouu) ಫಂಕ್ಷನ್‌ನಿಂದಲೇ ದಾಟಿಸಿ. ಇನ್ನೊಂದು, ಸ್ಕೂಲಿನ ಗ್ರಾಫ್ ಶೀಟಿನಲ್ಲಿ ವೈ ಮೇಲಕ್ಕೆ ಹೋದಂತೆ ಜಾಸ್ತಿ ಆಗುತ್ತಿತ್ತು. ಎಸ್‌ವಿಜಿಯಲ್ಲಿ ಕೆಳಕ್ಕೆ ಬಂದಂತೆ ಜಾಸ್ತಿ.

ಕನ್ನಡದವರಿಗೇ ಕಾಡುವ ಒಂದು ಪದ ಸ್ಟ್ರಿಂಗ್. ಅಂದರೆ ಕೋಡಿನೊಳಗಿನ ಅಕ್ಷರಗಳ ಸಾಲು. ‘ಬಳ್ಳಾರಿ’ ಅಂದರೆ ನಮ್ಮ ಕಣ್ಣಿಗೆ ಮೂರು ಅಕ್ಷರ. ಪೈಥಾನ್‌ಗೆ ಉದ್ದ ಕೇಳಿ ನೋಡಿ, ಏಳು ಅನ್ನುತ್ತೆ! ಬ, ಳ, ಒತ್ತಕ್ಷರ ಮಾಡುವ ಹಲಂತ ಚಿಹ್ನೆ, ಇನ್ನೊಂದು ಳ, ಇಳಿ, ರ, ಗುಡಿಸು, ಎಲ್ಲವನ್ನೂ ಯುನಿಕೋಡ್ ಬೇರೆ ಬೇರೆ ಇಡುತ್ತೆ. ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಕಮಾನಿನ ಮೇಲೆ ಜೋಡಿಸುವ ಇಂಗ್ಲಿಷ್ ಪ್ಲಗಿನ್‌ಗಳು ಕನ್ನಡಕ್ಕೆ ಬಂದಾಗ ಒತ್ತಕ್ಷರ ಕಿತ್ತು ಹಾಕೋದು ಇದಕ್ಕೇ. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಾದರೆ ಕಥೆ ಇನ್ನೂ ಬೇರೆ. ತೆರೆಯ ಮೇಲೆ ಕನ್ನಡ, ಒಳಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಅದರಲ್ಲಿ ‘ಬಳ್ಳಾರಿ’ ಹುಡುಕು ಅಂತ ಕೋಡ್ ಬರೆದರೆ ಸಿಗೋದೇ ಇಲ್ಲ. ಮೊದಲು ಯುನಿಕೋಡಿಗೆ ಬದಲಾಯಿಸಿಕೊಳ್ಳಿ.

ಹಳೆಯ ಪಾಠ ನೋಡಿ ಕಲಿಯುವಾಗ ವರ್ಷ ಗಮನಿಸಿ. 2020ರಲ್ಲಿ ಇಂಕ್‌ಸ್ಕೇಪ್ 1.0 ಬಂದಾಗ ಎಪಿಐ ಬದಲಾಯಿತು. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0 ಪೈಥಾನ್ 3 ಕೇಳುತ್ತೆ, 2.10ಕ್ಕೆ ಬರೆದ ಪೈಥಾನ್ ಪ್ಲಗಿನ್ ಅದರಲ್ಲಿ ಹಾಗೇ ಓಡಲ್ಲ. ಕೋಡ್ ಸರಿ ಇದ್ದೂ ಆವೃತ್ತಿ ತಪ್ಪಾದರೆ ನಿಮ್ಮ ತಪ್ಪು ಅಂದುಕೊಂಡು ರಾತ್ರಿಯೆಲ್ಲ ಹುಡುಕುತ್ತೀರಿ.

ಮೊದಲ ದಿನವೇ ಎರರ್ ಬರುತ್ತೆ. ಉದ್ದಕ್ಕೆ ಇಂಗ್ಲಿಷ್ ಸಾಲುಗಳು ಕಂಡು ಗಾಬರಿ ಆಗಬೇಡಿ, ಕೆಳಗಿನಿಂದ ಓದಿ. ಏನು ತಪ್ಪು ಅಂತ ಕೊನೆಯ ಸಾಲಿನಲ್ಲಿರುತ್ತೆ, ಕೋಡಿನ ಎಷ್ಟನೇ ಸಾಲು ಅಂತ ಅದರ ಸ್ವಲ್ಪ ಮೇಲಿರುತ್ತೆ. ಅಲ್ಲಿ ‘ನನ್‌ಟೈಪ್’ (NoneType) ಅಂತ ಕಂಡರೆ ಚೌಕ ಸೆಲೆಕ್ಟ್ ಮಾಡದೆ ಅಪ್ಲೈ ಒತ್ತಿರಬಹುದು. ಏನೂ ಸೆಲೆಕ್ಟ್ ಆಗಿಲ್ಲದಿದ್ದರೆ ಬೌಂಡಿಂಗ್ ಬಾಕ್ಸ್ ಕೂಡ ಇರಲ್ಲ, ಆಗ ಕೋಡಿನ ಕೈಗೆ ಬರೋದು ನನ್, ಅಂದರೆ ಖಾಲಿ. ಎಫೆಕ್ಟ್ ಫಂಕ್ಷನ್‌ನ ಶುರುವಿನಲ್ಲೇ ಒಂದು ಇಫ್ ಹಾಕಿ: ಸೆಲೆಕ್ಷನ್ ಖಾಲಿ ಇದ್ದರೆ ‘ಮೊದಲು ಬ್ಯಾನರ್ ಚೌಕ ಆರಿಸಿ’ ಅಂತ ಕನ್ನಡದಲ್ಲೇ ತೋರಿಸಿ, ಅಲ್ಲಿಗೇ ವಾಪಸ್. ಅಂಗಡಿಯ ಬೇರೆ ಹುಡುಗರೂ ಇದನ್ನು ಬಳಸುತ್ತಾರಲ್ವಾ, ಅವರು ಪ್ರತಿ ಸಲ ನಿಮ್ಮನ್ನು ಕರೆಯುವುದು ತಪ್ಪುತ್ತೆ.