ಪೀಠಿಕೆ ಬಿಟ್ಟು ಬಿತ್ತನೆಗೆ

ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಪ್ರಾಂಗಣಕ್ಕೆ ಜಲಂಧರ್‌ನಿಂದ ಬಿತ್ತನೆ ಆಲೂಗಡ್ಡೆಯ ಲಾರಿಗಳು ಬಂದು ನಿಲ್ಲುತ್ತವೆ. ಅದೇ ಹೊತ್ತಿಗೆ ನಮ್ಮ ಬೇಸಿಗೆ ತರಬೇತಿಯೂ ಬಂತು. ಪ್ರೌಢಶಾಲೆಯ ಮೂವತ್ತು ಕನ್ನಡ ಶಿಕ್ಷಕರು, ಐದು ದಿನ, ವಿಷಯ ‘ಬರವಣಿಗೆ ಕೌಶಲ’. ಹಿಂದಿನ ಸಾಲಿನಲ್ಲಿ ಗಳಿಕೆ ರಜೆ ಎಷ್ಟು ಸೇರುತ್ತದೆಂಬ ಲೆಕ್ಕ ನಡೆದಿತ್ತು. ದೂರುವುದಿಲ್ಲ, ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿಯಾಗುವ ಮುಂಚೆ ನಾನೂ ಆ ಸಾಲಿನಲ್ಲಿ ಕುಳಿತವನೇ.

ಭಾಷಣದ ಬದಲು ಬಿಳಿ ಹಾಳೆ ಹಂಚಿ, ಬಿತ್ತನೆಗೆ ಆಲೂಗಡ್ಡೆ ಕತ್ತರಿಸುವುದು ಹೇಗೆಂದು ಬರೆಯಿರಿ, ಗೊತ್ತಿಲ್ಲದವರು ಕೈಯಾರೆ ಮಾಡುವ ಬೇರೆ ಕೆಲಸದ ಬಗ್ಗೆ ಬರೆಯಿರಿ ಎಂದೆ. ‘ಸರ್, ನಾವೇ ಬರೆಯಬೇಕೆ?’ ಎಂದು ಕೇಳಿದವರು ಒಬ್ಬಿಬ್ಬರಲ್ಲ.

ಆಲೂರಿನ ಕಡೆಯ ಮೇಷ್ಟರೊಬ್ಬರು ಎರಡು ಎಕರೆ ಬೇಸಾಯವನ್ನೂ ಮಾಡುವವರು. ಅವರ ಹಾಳೆ ‘ಪ್ರಾಚೀನ ಕಾಲದಿಂದಲೂ ನಮ್ಮ ದೇಶವು ಕೃಷಿಪ್ರಧಾನವಾದುದು’ ಎಂದು ಶುರುವಾಯಿತು. ಅರ್ಧ ಪುಟ ಮುಗಿದರೂ ಆಲೂಗಡ್ಡೆ ಬರಲಿಲ್ಲ. ಕೊನೆಗೆ ‘ಆದ್ದರಿಂದ ನಾವೆಲ್ಲರೂ ರೈತರನ್ನು ಗೌರವಿಸೋಣ’. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ: ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಕಲಿಸಿ ಕಲಿಸಿ ಅದು ಅವರ ಕೈಗೇ ಅಂಟಿಕೊಂಡಿತ್ತು.

ಚಹಾದ ವೇಳೆ ಅವರೇ ಹೇಳಿದರು: ಪ್ರತಿ ಹೋಳಿಗೂ ಮೊಳಕೆ ಒಡೆಯುವ ಕಣ್ಣು ಉಳಿಯಬೇಕು, ಸಣ್ಣ ಗೆಡ್ಡೆಯನ್ನು ಕತ್ತರಿಸುವುದೇ ಇಲ್ಲ, ಕೊಳೆತ ಗೆಡ್ಡೆಗೆ ಚಾಕು ತಗುಲಿದರೆ ತೊಳೆಯದೆ ಇನ್ನೊಂದನ್ನು ಮುಟ್ಟಬಾರದು, ಕತ್ತರಿಸಿದ ಮುಖ ಆರುವ ತನಕ ನೆರಳಿನಲ್ಲಿ ಹರಡಬೇಕು. ಒಂದು ವರ್ಷ ಅವಸರದಲ್ಲಿ ಹಸಿ ಹೋಳನ್ನೇ ನೆಟ್ಟರಂತೆ. ಮಾರನೆಯ ದಿನ ಮಳೆ ಹಿಡಿದು ಅರ್ಧ ಹೊಲ ಮಣ್ಣಿನಲ್ಲೇ ಕೊಳೆಯಿತು. ‘ಇದನ್ನೇ ಬರೆಯಿರಿ’ ಎಂದೆ. ‘ಇದನ್ನು ಬರೆದರೆ ಪ್ರಬಂಧವಾಗುತ್ತದೆಯೇ ಸರ್?’

ಐದು ದಿನದ ತರಬೇತಿ ಈ ಒಂದು ಪ್ರಶ್ನೆಗಾಗಿ ನಡೆದರೂ ದಂಡವಲ್ಲ. 1974ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜೇಮ್ಸ್ ಗ್ರೇ ‘ಬೇ ಏರಿಯಾ ರೈಟಿಂಗ್ ಪ್ರಾಜೆಕ್ಟ್’ ಆರಂಭಿಸಿದಾಗ ಬೇಸಿಗೆಯ ಶಿಬಿರಕ್ಕೆ ಎರಡೇ ನಂಬಿಕೆಗಳು ಆಧಾರವಾಗಿದ್ದವು: ಬರವಣಿಗೆ ಕಲಿಸುವವರು ಸ್ವತಃ ಬರೆಯಬೇಕು, ಶಿಕ್ಷಕರಿಗೆ ಕಲಿಸಲು ತಕ್ಕವರು ಶಿಕ್ಷಕರೇ. ನಮಗೂ ಇದು ಹೊಸತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ, ಚಿಕ್ಕ ಮಕ್ಕಳು ಆಡುತ್ತ ಕಲಿಯುವ ನಲಿ-ಕಲಿ ಪದ್ಧತಿ ಅಲ್ಲಿನ ಶಿಕ್ಷಕರೇ ಕೂತು ಕಟ್ಟಿದ್ದು. ಆಮೇಲೆ ನಾವು ಪ್ರೊಜೆಕ್ಟರ್ ಕೊಂಡೆವು.

ಮೂರನೆಯ ದಿನ ನಾನೊಂದು ಕಿಡಿಗೇಡಿತನ ಮಾಡಿದೆ. ಅರ್ಧದಷ್ಟು ಹಾಳೆಗಳನ್ನು ಶಾಲೆಯ ಪದ್ಧತಿಯಂತೆ ಕೆಂಪು ಶಾಯಿಯಲ್ಲಿ ತಿದ್ದಿದೆ: ಮಹಾಪ್ರಾಣಕ್ಕೊಂದು ಸುತ್ತು, ಒತ್ತಕ್ಷರಕ್ಕೊಂದು ಗೀಟು. ಉಳಿದ ಹಾಳೆಗಳಲ್ಲಿ ಪೆನ್ಸಿಲ್‌ನಿಂದ ಎರಡೆರಡು ಪ್ರಶ್ನೆಗಳು ಮಾತ್ರ. ಇಪ್ಪತ್ತೈದು ವರ್ಷ ಪಾಠ ಮಾಡಿದ ಮೇಡಂ ಒಬ್ಬರು ಕೆಂಪು ಹಾಳೆ ಮಡಿಸಿಟ್ಟು ಊಟದ ಹೊತ್ತಿನಲ್ಲಿ ಯಾರೊಡನೆಯೂ ಮಾತನಾಡಲಿಲ್ಲ. (ಸಂಜೆ ಕ್ಷಮೆ ಕೇಳಿದೆ.) ಆಲೂರಿನ ಮೇಷ್ಟರಿಗೆ ಸಿಕ್ಕಿದ್ದು ಪೆನ್ಸಿಲ್: ‘ಕೊಳೆತದ್ದು ಎಷ್ಟು ದಿನಕ್ಕೆ ಗೊತ್ತಾಯಿತು? ಮನೆಯಲ್ಲಿ ಯಾರು ಏನೆಂದರು?’ ಅವರು ಕೇಳದೆಯೇ ಇನ್ನೊಂದು ಹಾಳೆ ತೆಗೆದುಕೊಂಡರು.

ಕಾಗುಣಿತ ಮುಖ್ಯವಲ್ಲವೆಂದು ನಾನು ಹೇಳುತ್ತಿಲ್ಲ. ಅಕಾರ, ಹಕಾರ ಅದಲುಬದಲಾದರೆ ನನಗೂ ಮೈ ಉರಿಯುತ್ತದೆ. ಆದರೆ ಮೊದಲು ವಿಷಯ ಬರಲಿ, ಆಮೇಲೆ ಅದರ ಓರಣ, ಕಾಗುಣಿತ ಕೊನೆಗೆ. ಅರವತ್ತು ಮಕ್ಕಳ ತರಗತಿಯಲ್ಲಿ ಎಲ್ಲ ಪುಸ್ತಕ ಓದಲಾಗದು. ವಾರಕ್ಕೆ ಹತ್ತು ಪುಸ್ತಕ, ಒಂದೊಂದಕ್ಕೆ ಎರಡು ಪ್ರಶ್ನೆ, ಇಡೀ ತರಗತಿಗೆ ಒಂದೇ ಬಗೆಯ ತಪ್ಪಿನ ತಿದ್ದುಪಡಿ. ತಿದ್ದದ ಪುಸ್ತಕ ಕಂಡು ಪೋಷಕರು ಆಕ್ಷೇಪಿಸುತ್ತಾರೆ, ನಿಜ. ಜೂನ್‌ನಲ್ಲೇ ಅವರನ್ನು ಕರೆದು, ಮಗುವಿನ ಮೊದಲ ಹಾಳೆ ಮತ್ತು ಎರಡನೆಯ ಹಾಳೆಯನ್ನು ಪಕ್ಕಪಕ್ಕ ಇಟ್ಟು ತೋರಿಸಿ.

ಕೊನೆಯ ದಿನ ಆಲೂರಿನ ಮೇಷ್ಟರ ಹಾಳೆ ‘ಚಾಕು ಹರಿತವಾಗಿರಬೇಕು’ ಎಂದು ಶುರುವಾಗಿತ್ತು. ಉಪಸಂಹಾರ ಇರಲಿಲ್ಲ. ಹಿಂದಿನ ರಾತ್ರಿ ಒಳ್ಳೆಯ ಮಳೆ ಬಿದ್ದಿದ್ದರಿಂದ ಹಾಜರಾತಿಗೆ ಸಹಿ ಹಾಕಿ, ಮಧ್ಯಾಹ್ನವೇ ಬಸ್ ಹಿಡಿದಿದ್ದರು.